ಕ್ಯಾಸಿನೊ ನೋಡುವ ಶಾಸ್ತ್ರ

ನನ್ನ ಗಂಡ ಉಮಾಪತಿ ಮೆಚ್ಚಿದ ಆನ್‌ಲೈನ್ ಕ್ಯಾಸಿನೊ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಸೋಫಾ ಮೇಲೆ ಕೂತಿತು. ಗಂಡಸರು ಖಾತೆ ತೆರೆಯುವ ಮೊದಲು ಕ್ಯಾಸಿನೊಗಳು ಹೀಗೆ ಮನುಷ್ಯರೂಪದಲ್ಲಿ ಬಂದು, ಹೆಂಡತಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಒಪ್ಪಿಗೆ ಪಡೆಯಬೇಕು, ಥೇಟ್ ಹೆಣ್ಣು ನೋಡುವ ಶಾಸ್ತ್ರದ ಹಾಗೆ. ಹಸಿರು ಸೀರೆ ಉಟ್ಟಿತ್ತು. ತಿನ್ನುವುದಿಲ್ಲ ಅಂತ ಗೊತ್ತಿದ್ದರೂ ಅದರ ಮುಂದೆ ಉಪ್ಪಿಟ್ಟು, ಕೇಸರಿಬಾತ್ ಇಟ್ಟೆ. ಉಮಾಪತಿ, ನಾನು ಕೊಡಿಸಿ ವರ್ಷವಾದರೂ ಮುಟ್ಟದಿದ್ದ ಶರ್ಟನ್ನು ಇಸ್ತ್ರಿ ಮಾಡಿ ಹಾಕಿಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಲೈಸೆನ್ಸ್ ಇದೆಯಾ?" ಅಂದೆ. ತೋರಿಸಿತು.

"ಗೆದ್ದವರ ದುಡ್ಡು ಕೊಡೋಕೆ ಸತಾಯಿಸ್ತೀಯಾ?"

"ಇಲ್ಲಕ್ಕ, ಅವತ್ತೇ ಕೊಡ್ತೀನಿ."

"ಎಲ್ಲರೂ ಗೆಲ್ತಾರಾ?"

"ಎಲ್ಲಿ ಬಂತಕ್ಕ, ಬಹಳಷ್ಟು ಜನ ಸೋಲ್ತಾರೆ. ಇವರು ಮಿತಿ ಮೀರಿದರೆ ನಾನೇ ಆಟ ನಿಲ್ಲಿಸಿ ಮಲಗಿಸ್ತೀನಿ."

ಮಲಗಿಸ್ತಾಳಂತೆ!

ಸಿಟ್ಟಿನಲ್ಲೇ ಎದ್ದು ಹೋಗಿ ಗಂಡನಿಗೆ ಕಾಫಿ ತಂದೆ.

"ಅವರಿಗೆ ಸಕ್ಕರೆ ಹಾಕಿದ್ರೆ ಇಷ್ಟ ಆಗಲ್ಲ ಅಕ್ಕ," ಅಂದಳು.

ಉಮಾಪತಿ ನಾಚಿಕೊಂಡು ನಕ್ಕರು. ಮದುವೆಯಾದಾಗಿನಿಂದ ನಾನು ಸಕ್ಕರೆ ಹಾಕಿಯೇ ಕೊಡುತ್ತಿದ್ದೇನೆ. ಒಂದು ದಿನವೂ ಬಾಯಿ ಬಿಟ್ಟವರಲ್ಲ.

'ನಂಬಿಕೆಗೆ ಅರ್ಹವಲ್ಲ' ಅನ್ನುವ ಗುಂಡಿಯನ್ನು ಫೋನಿನಲ್ಲಿ ಒತ್ತಿಬಿಟ್ಟೆ. ಅವಳು ಕೈಮುಗಿದು ಸೋಫಾ ಮೇಲಿಂದ ಮಾಯವಾದಳು.

"ಎಲ್ಲಾ ನಿಜಾನೇ ಹೇಳಿತಲ್ಲ ವನಜಾ! ಏನು ಮೋಸ ಕಂಡಿತು ನಿನಗೆ?" ಅಂದರು ಉಮಾಪತಿ.

"ಏನೂ ಕಾಣಲಿಲ್ಲ. ಮೋಸಗಾತಿ ಆಗಿದ್ದಿದ್ರೆ ಒಪ್ಪಿಬಿಡ್ತಿದ್ದೆ," ಅಂದೆ. "ಕೈ ಸುಟ್ಟುಕೊಂಡು ಒಂದಿನ ನನ್ನ ಹತ್ರಾನೇ ವಾಪಸ್ ಬರ್ತಿದ್ರಿ."