ಎರಡು ಎಣ್ಣೆಯ ತಲೆ

ಅಮ್ಮ ತೀರಿಕೊಂಡ ಮೇಲೆ ಅವಳ ಹರಳೆಣ್ಣೆ ಸೀಸೆ ತೆರೆದಾಗಲೆಲ್ಲ ಗಲ್ಫಿನಲ್ಲಿ ನಾವಿದ್ದ ಅಲ್ ನಹ್ದಾದ ಫ್ಲಾಟಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನನ್ನನ್ನು ಹೆತ್ತು, ಸಾಕಲು ಅಮ್ಮನ ಮಡಿಲಿಗಿಟ್ಟಿದ್ದ ಸುಮತಿಯಮ್ಮ ಪ್ರತಿ ವಾರ ಫೋನ್ ಮಾಡುತ್ತಿದ್ದರು. ಆ ಸಲ ವಿಸಿಟ್ ವೀಸಾದಲ್ಲಿ ಉಡುಪಿಯಿಂದ ತೆಂಗಿನೆಣ್ಣೆ ಸಮೇತ ಬಂದಿದ್ದರು. ಇಬ್ಬರೂ ನನ್ನ ತಲೆಗೆ ಒಂದೊಂದು ಕಡೆಯಿಂದ ತಮ್ಮ ಎಣ್ಣೆ ತಿಕ್ಕುತ್ತಿದ್ದರು.

“ಕೂದಲು ನನ್ನದೇ ಅಲ್ವಾ ಅಕ್ಕ, ತೆಂಗಿನೆಣ್ಣೆಯೇ ಆಗ್ಬೇಕು,” ಎಂದರು ಸುಮತಿಯಮ್ಮ.

“ಕೂದ್ಲು ನಿಂದೇ ಇರ್ಬೋದು ಸುಮತಿ, ಹೇನು ಮಾತ್ರ ಇಲ್ಲಿನ ಸ್ಕೂಲಿಂದು,” ಎಂದಳು ಅಮ್ಮ.

ನನಗೆ ನಗು ಬರಲಿಲ್ಲ. ವೀಸಾ ಮುಗಿಯಿತು, ಹೊರಡಬೇಕು ಎಂಬ ಮಾತು ಬೆಳಿಗ್ಗೆ ಕಿವಿಗೆ ಬಿದ್ದಿತ್ತು.

“ಮುಗಿದಿದ್ದು ನನ್ನ ವೀಸಾನಾ?” ಎಂದು ಕೇಳಿದೆ.

ಅಮ್ಮ ಹರಳೆಣ್ಣೆ ಸೀಸೆಗೆ ಮುಚ್ಚಳ ಹಾಕಿದಳು.

“ಹೋಗುದು ನಾನು ಮಾರಾಯ್ತಿ. ನಿನ್ನ ಮನೆ ಇದೇ ಅಲ್ವಾ,” ಎಂದರು ಸುಮತಿಯಮ್ಮ.

ಅಮ್ಮ ನನ್ನ ತಲೆಯನ್ನು ಪೂರ್ತಿ ಅವರ ಕಡೆ ತಿರುಗಿಸಿದಳು.

“ತಗೋ, ನಿನ್ನ ಎಣ್ಣೇನೇ ಹಚ್ಚು.”