ಪೂರ್ತಿ ಕಂಡೆನಾ

ಊರಿನಲ್ಲಿ ಈಗ ಯಾವ ಬದಲಾವಣೆಯೂ ಎಲ್ಲರಿಗೂ ಒಟ್ಟಿಗೆ ಕಾಣುವುದಿಲ್ಲ. ಕಣ್ಣು ತನಗೆ ಮುಖ್ಯವಾದದ್ದನ್ನು ಮೊದಲು ಹೊಸದು ಮಾಡಿಕೊಳ್ಳುತ್ತದೆ. ಮಿಕ್ಕದ್ದು ಅದಕ್ಕೆ ಬಿಡುವಾಗುವವರೆಗೆ ಹಳೆಯದಾಗಿಯೇ ಇರುತ್ತದೆ. ಅದಕ್ಕೇ ಎದುರು ಸಿಕ್ಕವರು "ಪೂರ್ತಿ ಕಂಡೆನಾ?" ಎಂದು ಕೇಳುತ್ತಾರೆ. ಕಂಡರೂ ಕಾಣದಿದ್ದರೂ "ಪೂರ್ತಿ" ಎನ್ನುವುದು ಮರ್ಯಾದೆ.

ಮೃಣಾಲಿನಿ ಇಡ್ಲಿ ಬಡಿಸುತ್ತಾ ಗಂಡನನ್ನೇ ಗಮನಿಸುತ್ತಿದ್ದಳು. ಜಯತೀರ್ಥ ಕಿಟಕಿಯಾಚೆ ನೋಡುತ್ತಿದ್ದ.

"ಎದುರುಮನೆ ಸುಕನ್ಯಾ ಮೇಡಂ ಓಲೆ ಬದಲಾಯಿಸಿದಾರೆ ಕಣೇ. ಕೆಂಪು ಹರಳಿಂದು."

ಮೃಣಾಲಿನಿಯೂ ಬಗ್ಗಿ ನೋಡಿದಳು. ಅವಳಿಗೆ ಸುಕನ್ಯಾಳ ಕಿವಿಯಲ್ಲಿ ಇನ್ನೂ ಹಳೆಯ ಮುತ್ತಿನೋಲೆಯೇ ಕಾಣುತ್ತಿತ್ತು.

"ನಿಮಗೆ ಬೇಗ ಕಾಣ್ತು."

"ಆ ಕಡೆ ಬೆಳಕು ಚೆನ್ನಾಗಿದೆಯಲ್ಲ."

ಬೆಳಕಿಗೂ ಇದಕ್ಕೂ ಸಂಬಂಧವಿಲ್ಲವೆಂದು ಶಾಲೆ ಮಕ್ಕಳಿಗೂ ಗೊತ್ತು. ಅವಳು ಅವನ ಎದುರು ಕೂತು, ಹೊರಗಿನವರನ್ನು ಕೇಳುವ ಹಾಗೆ ಕೇಳಿದಳು.

"ನಾನು ಪೂರ್ತಿ ಕಂಡೆನಾ?"

"ಪೂರ್ತಿ" ಎಂದ ಅವನು, ತಲೆಯೆತ್ತಿ ಅವಳನ್ನು ನೋಡಿಯೇ. ಆಮೇಲೆ ಅಕ್ಕರೆಯಿಂದಲೇ ಹೇಳಿದ: "ಜಡೆ ಹಿಂದಕ್ಕೆ ಹಾಕ್ಕೋ, ಸಾಂಬಾರಿಗೆ ಬೀಳತ್ತೆ."

ಮೃಣಾಲಿನಿ ಕುತ್ತಿಗೆಯ ಹಿಂದೆ ಕೈಯಾಡಿಸಿದಳು. ಅವಳು ಜಡೆ ಕತ್ತರಿಸಿಹಾಕಿದ್ದು ದೀಪಾವಳಿಯಲ್ಲಿ. ಇವತ್ತು ಬಾಗಿಲಿಗೆ ಯುಗಾದಿಯ ಮಾವಿನೆಲೆ ಕಟ್ಟಿತ್ತು.