ಒಲೆ ರಿಪೇರಿಯವನ ಮೂಗು

ಒಲೆ ರಿಪೇರಿಯವನು ಇನ್ನೇನು ಬೆಂಕಿಕಡ್ಡಿ ಗೀರಬೇಕು ಅನ್ನುವಷ್ಟರಲ್ಲಿ ಮನೆಯ ಅಜ್ಜಿ ಓಡಿಬಂದು ಅವನ ಮಣಿಕಟ್ಟು ಹಿಡಿದರು.

“ಏನಪ್ಪಾ, ಹೊರಗಿನ ಕೋಣೆವರೆಗೂ ಗ್ಯಾಸ್ ವಾಸನೆ ಹೊಡೀತಿದೆ. ನಿಂಗೆ ಬರ್ತಿಲ್ವಾ?”

ಅವನು ಮೂಗರಳಿಸಿ ಉಸಿರೆಳೆದ. ಏನೂ ಇಲ್ಲ. ಇನ್ನೊಮ್ಮೆ ಎಳೆದಾಗ ಕೆಮ್ಮು ಒತ್ತರಿಸಿಕೊಂಡು ಬಂತು. ಅಷ್ಟರಲ್ಲಿ ಅಜ್ಜಿ ಸಿಲಿಂಡರ್ ಬಂದ್ ಮಾಡಿ ಕಿಟಕಿ ತೆರೆದಿದ್ದರು. ಕೊಳವೆ ಬಗ್ಗಿಸಿ ನೋಡಿದರೆ ಉಗುರುದ್ದದ ಬಿರುಕು. ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು ಹೊಸಬರ ಕೆಲಸ, ತನಗೆ ಮೂಗೇ ಸಾಕು ಎಂದು ಇಪ್ಪತ್ತು ವರ್ಷ ಜಂಬ ಕೊಚ್ಚಿಕೊಂಡವನು ಅವನು.

“ದಿನಕ್ಕೆ ಎಷ್ಟು ಸೇದ್ತೀಯಾ?” ಅಜ್ಜಿ ಕೇಳಿದರು.

“ಎರಡು ಪ್ಯಾಕ್.”

“ನಮ್ಮ ಯಜಮಾನ್ರಿಗೂ ಹೀಗೇ ಆಯ್ತು. ಮೊದಲು ಮೂಗು ಸತ್ತೋಯ್ತು, ಆಮೇಲೆ ಎದೆ ಕಟ್ಕೊಳ್ತು.”

ಅದು ಅವನ ಕಿವಿಗೆ ಬೀಳಲಿಲ್ಲ. ಬೆಳಿಗ್ಗೆ ಹೋಗಿದ್ದ ಮನೆಯೊಂದು ಕಣ್ಣ ಮುಂದೆ ಬಂದಿತ್ತು. ಸೊಂಟದಲ್ಲಿ ಕೂಸು ಎತ್ತಿಕೊಂಡಿದ್ದ ಹೆಂಗಸು, “ಸರಿಯಾಯ್ತಾ ಅಣ್ಣಾ?” ಎಂದು ಕೇಳಿದ್ದಳು. ಅವನು ಕೊಳವೆಯನ್ನು ಒಮ್ಮೆ ಮೂಸಿ, “ಧೈರ್ಯವಾಗಿ ಹಚ್ಚಿ ಅಕ್ಕಾ” ಎಂದಿದ್ದ.

ಚೀಲ ಅಲ್ಲೇ ಬಿಟ್ಟು ಬೀದಿಗೆ ಓಡಿ ಫೋನ್ ಮಾಡಿದ. ಎರಡು ಸಲ ಯಾರೂ ಎತ್ತಲಿಲ್ಲ. ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಓಡಾಡಿದ. ಮೂರನೇ ಸಲ ಕೂಸಿನ ಅಳು ಕೇಳಿಸಿತು, ಅದರ ಹಿಂದೆಯೇ ಅವಳ “ಹಲೋ”.

“ಅಕ್ಕಾ, ಒಲೆ ಹಚ್ಚಬೇಡಿ. ಸಿಲಿಂಡರ್ ಬಂದ್ ಮಾಡಿ, ಮಗೂನ ಎತ್ಕೊಂಡು ಹೊರಗೆ ಬನ್ನಿ.”

“ಯಾಕಣ್ಣಾ, ನೀವೇ ನೋಡಿ ಹೇಳಿದ್ರಲ್ಲಾ?”

“ಹೇಳಿದ್ದೆ,” ಎಂದ ಅವನು. “ನಂಗೆ ವಾಸನೆ ಗೊತ್ತಾಗಲ್ಲ ಅಕ್ಕಾ.”